‘ಳೆ’ಯ ಮನೆ ಖಾಲಿ

ಹಾಸನದ ಕಟ್ಟಿನಕೆರೆ ಸಂತೆಯ ಹಿಂದೆ
ಸುಬೋಧ ಪ್ರೆಸ್ಸಿನಲ್ಲಿ ಹದಿನೇಳು ವರ್ಷ
ಮೊಳೆ ಜೋಡಿಸಿದವಳು ನಾನು.
ಮದುವೆಯ ಕರೆಯೋಲೆ, ರಸೀದಿ ಪುಸ್ತಕ, ವೈಕುಂಠ ಸಮಾರಾಧನೆ,
ಮತ್ತೆ ತಿಂಗಳಿಗೊಂದು
ಒಂದೂವರೆ ರೂಪಾಯಿಯ ಸಾಹಸ.

ಬರೆಯುತ್ತಿದ್ದವರು ಸರ್ವೆ ಆಫೀಸಿನ ರಂಗಧಾಮಯ್ಯ.
ಹಗಲೆಲ್ಲ ಹೇಮಾವತಿಯ ದಡದಲ್ಲಿ ಸರಪಳಿ ಎಳೆದು
ನೀರು ಎಲ್ಲಿಯ ತನಕ ಬರುತ್ತದೆಂದು
ಕಲ್ಲಿಗೆ, ಕಂಬಕ್ಕೆ, ಬಾಗಿಲಿಗೆ ಕೆಂಪು ನಂಬರು ಬರೆಸಿ,
ರಾತ್ರಿ ಕ್ಯಾಂಪಿನ ಲಾಟೀನಿನ ಪಕ್ಕ
ಕ್ಯಾಪ್ಟನ್ ಶಂಖಪಾಲನನ್ನು ಹಡಗು ಹತ್ತಿಸುತ್ತಿದ್ದರು.
ಸಮುದ್ರ ಕಂಡವರಲ್ಲ.
ಅವರ ಹಡಗಿಗೆ ಎತ್ತಿನಗಾಡಿಯ ಕೀಲು,
ಅವರ ಕಡಲುಗಳ್ಳರು ಮುದ್ದೆ ಮುರಿದ ಹಾಗೆ
ಬಿಸ್ಕತ್ತು ಮುರಿಯುತ್ತಿದ್ದರು.

ಆ ಸಲದ ಕಥೆ: ದೂರದ ದ್ವೀಪ.
ಯಾರೂ ಕಾಣದ ರಾಜ. ಅವನ ಆಳುಗಳು
ಅಮಾವಾಸ್ಯೆ ರಾತ್ರಿ ಮನೆಬಾಗಿಲಿಗೆ ಕೆಂಪು ಗುರುತು ಹಾಕಿ ಹೋದರೆ
ಬೆಳಗಿಗೆ ಆ ಮನೆಯೊಳಗೆ ಮೊಸಳೆ.

ಪುಟಕ್ಕೆ ಒಂಬತ್ತು ಮೊಸಳೆ.
ಮೂರನೇ ಅಧ್ಯಾಯಕ್ಕೇ ಕೇಸಿನಲ್ಲಿ ‘ಳೆ’ಯ ಮನೆ ಖಾಲಿ.
ಒಂದು ಫಾರಂ ಅಚ್ಚಾಗಿ, ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು
ಮೊಳೆ ಮನೆಗೆ ಮರಳುವ ತನಕ
ಮುಂದಿನ ಮೊಸಳೆ ಬಾಯಿ ತೆರೆದುಕೊಂಡೇ ಕಾಯಬೇಕು.

ಹುಡುಕಿದೆ. ಯಾವುದೋ ‘ಹೊಳೆ’ಯಿಂದ ಒಂದು ಕಿತ್ತೆ.
‘ಮಳೆ’ಯಿಂದ ಒಂದು.
‘ಬಳೆ’ ಅಂಗಡಿಯ ಜಾಹೀರಾತಿನಿಂದ ಎರಡು.
ಪರಿಹಾರದ ನೋಟೀಸಿನ ‘ನಾಳೆ’ಗೆ ಕೈ ಹಾಕಿದಾಗ
ಬೆರಳು ನಿಂತಿತು.

ಹೊಳೆಯ ಬಾಲಕ್ಕೂ ಮೊಸಳೆಯ ಬಾಲಕ್ಕೂ
ಅದೇ ಸೀಸ.

ನಮ್ಮೂರು ಮಾಳಿಗೆಕೊಪ್ಪಲು. ನಮ್ಮ ಬಾಗಿಲಿಗೆ ನೂರ ಹದಿನಾಲ್ಕು.
ಅವ್ವ ಸಗಣಿ ಬಳಿದು ಅಳಿಸಿದ್ದಳು, ಎರಡು ಸಲ.
ಮೂರನೆಯ ಸಲ ಬರೆಯಲು ಬಂದ ಹುಡುಗ
ನೀರು ಕೇಳಿ ಕುಡಿದು, ಆಮೇಲೆ ಬರೆದನಂತೆ.

ಪ್ರೂಫು ನೋಡಲು ಬಂದಾಗ ಕೇಳಿಯೇ ಬಿಟ್ಟೆ:
‘ಸ್ವಾಮಿ, ಈ ದ್ವೀಪ ನಮ್ಮೂರಲ್ಲವೇ?’
ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು,
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.
‘ಇಲ್ಲ ಚೆಲುವಮ್ಮ. ದ್ವೀಪ ದ್ವೀಪವೇ.
ಮೊದಲು ಮೊಸಳೆಗೆ ಹಲ್ಲಿರಲಿ.
ಹಲ್ಲಿಲ್ಲದ್ದು ನೀತಿಪಾಠ, ಯಾರನ್ನೂ ಕಚ್ಚುವುದಿಲ್ಲ.
ಯಾವ ಊರಿನ ಮೊಸಳೆ ಅಂತ
ಕಚ್ಚಿಸಿಕೊಂಡವರು ಹೇಳಲಿ.’

ಸ್ಟಿಕ್ಕಿನಲ್ಲಿ ಅಕ್ಷರಗಳು ಕನ್ನಡಿಯೊಳಗಿನವು, ತಿರುವುಮುರುವು.
ಹಾಗೇ ಓದಲು ಕಲಿತವಳು ನಾನು.
ಪೇಟೆಯಲ್ಲಿ ಕೊಂಡವರು ನೇರ ಓದಿದರು.
ಇಂಜಿನಿಯರ್ ಸಾಹೇಬರ ಮಗ ಸೈಕಲ್ಲಿಗೆ ಒರಗಿ ಮುಗಿಸಿ
‘ಮುಂದಿನದು ಯಾವಾಗ?’ ಎಂದ.
ಸಾಹೇಬರೂ ಓದಿದರಂತೆ, ರಾತ್ರಿ ಎರಡರ ತನಕ;
‘ಎಂಥ ಪಾಪಿ ರೀ ಆ ರಾಜ’ ಎಂದರಂತೆ
ಬೆಳಿಗ್ಗೆ, ನಕ್ಷೆಯ ಮೇಲೆ ಕಾಫಿ ಲೋಟ ಇಟ್ಟು.

ಆ ಪುಸ್ತಕದಲ್ಲಿ ನನ್ನದೊಂದು ತಪ್ಪಿದೆ.
ಪುಟ ಅರವತ್ತೆರಡು. ಮುಳುಗಿದ ನಗರದಲ್ಲಿ ಶಂಖಪಾಲ
ನಿಧಿಯ ಪೆಟ್ಟಿಗೆ ಕಾಣುವುದು
‘ತಾಳೆಯ ಬುಡದಲ್ಲಿ’ ಎಂದು ಕೈಬರಹ.
‘ಳೆ’ ಇರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಇರಲಿಲ್ಲ.
‘ಹಿತ್ತಲ ಹಲಸಿನ ಬುಡದಲ್ಲಿ’ ಎಂದು ಜೋಡಿಸಿದೆ.
ಕಡಲ ತಳದಲ್ಲಿ, ಹವಳದ ನಡುವೆ,
ನಮ್ಮ ಹಿತ್ತಲ ಹಲಸು.

ರಂಗಧಾಮಯ್ಯ ಆ ಸಾಲಿಗೆ ಬಂದು ನಿಂತರು.
ಪೆನ್ಸಿಲು ಎತ್ತಿದರು.
ಕೆಳಗಿನ ಸಾಲಿನಲ್ಲೊಂದು ಅಲ್ಪವಿರಾಮ ತಿದ್ದಿ
ಪುಟ ತಿರುಗಿಸಿದರು.

ಪೆಟ್ಟಿಗೆಯೊಳಗೆ ಏನಿತ್ತೋ ನನಗೆ ಗೊತ್ತಿಲ್ಲ.
ಕೊನೆಯ ಫಾರಂ ಜೋಡಿಸಿದ್ದು ಬೇರೆ ಹುಡುಗ.
ಆ ವಾರ ನಾನು ರಜೆ.
ಲಾರಿ ಬಂದು ನಿಂತಿತ್ತು,
ಬಾಗಿಲನ್ನೂ ಕಿತ್ತು ತರಬೇಕೆಂದು
ಅವ್ವ ಹಟ ಹಿಡಿದಿದ್ದಳು.